ಪ್ರೇಮ ಹುಟ್ಟದವರಿಗೊಂದು ಹೆಸರು

2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿದ ಪದಗಳಲ್ಲಿ ‘ಅರೊಮ್ಯಾಂಟಿಕ್’ ಎಂಬುದೂ ಒಂದು. ಕನ್ನಡ ಅಕ್ಷರಗಳಲ್ಲಿ ಇದನ್ನು ಮೊದಲ ಸಲ ಕಂಡವರು ‘ಅರೋಮ್ಯಾಟಿಕ್’ ಎಂದು ಓದಿಕೊಂಡು, ಊದುಬತ್ತಿಯ ವಿಚಾರವೇನೋ ಅಂದುಕೊಳ್ಳುವುದು ಸಹಜ. ಸುವಾಸನೆಗೂ ಇದಕ್ಕೂ ಯಾವ ನಂಟೂ ಇಲ್ಲ. ‘ರೊಮ್ಯಾಂಟಿಕ್’ ಎಂಬುದರ ಮೊದಲಿಗೆ ಒಂದು ‘ಅ’ ಸೇರಿಸಿದ್ದಾರೆ, ಅಷ್ಟೆ. ಯಾರ ಮೇಲೂ ಪ್ರೇಮ ಹುಟ್ಟದವರು, ಅಥವಾ ಹುಟ್ಟುವುದು ತೀರಾ ಅಪರೂಪವಾದವರು, ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ಇದು. ಮೊಟಕು ಮಾಡಿ ‘ಅರೊ’ ಎನ್ನುವುದೂ ಉಂಟು.

ಇಲ್ಲಿ ‘ಪ್ರೇಮ’ ಎಂದು ನಾನು ಬರೆಯುತ್ತಿರುವುದು ಒಂದು ಬಗೆಯ ಭಾವಕ್ಕೆ ಮಾತ್ರ. ಒಬ್ಬರನ್ನು ಕಂಡು ಎದೆ ಹೊಡೆದುಕೊಳ್ಳುವುದು, ಅವರದೇ ಧ್ಯಾನದಲ್ಲಿ ನಿದ್ದೆಗೆಡುವುದು, ಅವರು ಇನ್ನೊಬ್ಬರ ಜೊತೆ ನಕ್ಕರೆ ಹೊಟ್ಟೆಯಲ್ಲಿ ಕಲಸಿದಂತಾಗುವುದು, ಇವರಿಲ್ಲದೆ ಬದುಕೇ ಇಲ್ಲ ಅನ್ನಿಸುವುದು. ಸಿನಿಮಾದ ಎರಡನೆಯ ಹಾಡಿನ ಹೊತ್ತಿಗೆ ನಾಯಕನಿಗೆ ಏನಾಗುತ್ತದೋ ಅದು. ತಾಯಿ, ಗೆಳತಿ, ನಾಯಿ, ಊರು, ಕೆಲಸ ಇವುಗಳ ಮೇಲಿನ ಪ್ರೀತಿಗೆ ಈ ‘ಅ’ಕಾರ ತಾಗುವುದಿಲ್ಲ. ಹಾಗೆಯೇ ಕಾಮದ ಮಾತೂ ಬೇರೆ. ಪ್ರೇಮ ಹುಟ್ಟದವರಲ್ಲಿ ಕಾಮವಿರುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಈ ಪದಕ್ಕೆ ಬ್ರಹ್ಮಚಾರಿ ಎಂದು ಅರ್ಥವಲ್ಲ, ಪ್ರೇಮಭಗ್ನ ಎಂದೂ ಅಲ್ಲ, ಕಲ್ಲೆದೆಯವರು ಎಂದಂತೂ ಅಲ್ಲವೇ ಅಲ್ಲ. ಆದರೆ ಈ ಮೂರನ್ನೂ ಪಕ್ಕಕ್ಕೆ ಸರಿಸಿ ಒಂದು ಪದ ನಿಲ್ಲಬೇಕಾದರೆ ಎಷ್ಟು ಕಷ್ಟಪಡಬೇಕಾಯಿತು ಎನ್ನುವುದೇ ಇದರ ಚರಿತ್ರೆ.

ಮೊದಲು ‘ರೊಮ್ಯಾನ್ಸ್’ ಕಡೆಯಿಂದ ಬರೋಣ. ಈ ಪದ ಹುಟ್ಟಿದಾಗ ಅದಕ್ಕೂ ಪ್ರೇಮಕ್ಕೂ ಸಂಬಂಧವಿರಲಿಲ್ಲ. ಹಳೆಯ ಫ್ರೆಂಚಿನ ‘ರೊಮಾನ್ಸ್’ ಎಂದರೆ ದೇಸಿ ಭಾಷೆ, ಅಂದರೆ ಪಂಡಿತರ ಲ್ಯಾಟಿನ್ನಿಗೆ ಎದುರಾಗಿ ಜನ ಆಡುತ್ತಿದ್ದ ನುಡಿ. ನಮ್ಮಲ್ಲಿ ಮಾರ್ಗ, ದೇಸಿ ಎನ್ನುತ್ತೇವಲ್ಲ, ಹಾಗೆ. ಆಮೇಲೆ ಆ ದೇಸಿ ಭಾಷೆಯಲ್ಲಿ ಬರೆದ ಕಥೆಗಳಿಗೂ ಅದೇ ಹೆಸರಾಯಿತು. ಆ ಕಥೆಗಳಲ್ಲಿ ಹೆಚ್ಚಿನವು ಕುದುರೆ ಸವಾರರ ಸಾಹಸ ಮತ್ತು ಅವರು ಮನಸೋತ ರಾಣಿಯರನ್ನು ಕುರಿತವು. 12ನೇ ಶತಮಾನದಲ್ಲಿ ಕ್ರೆತಿಯಾಂ ದ ತ್ರ್ವಾ ಎಂಬ ಕವಿ ಷಾಂಪೇನಿನ ಮಾರಿಯ ಆಸ್ಥಾನಕ್ಕಾಗಿ ಲಾನ್ಸೆಲಾಟನ ಕಥೆ ಬರೆದ. ಅದೇ ಶತಮಾನದಲ್ಲಿ ನಮ್ಮ ನೇಮಿಚಂದ್ರ ‘ಲೀಲಾವತಿ’ ಬರೆದಿದ್ದಾನೆ. ಕನಸಿನಲ್ಲಿ ಕಂಡವಳಿಗಾಗಿ ರಾಜಕುಮಾರ ಹಂಬಲಿಸುವ ಕಥೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಕವಿಗಳು, ಭೂಮಿಯ ಎರಡು ಕಡೆ ಕೂತು, ಹೆಚ್ಚುಕಡಿಮೆ ಒಂದೇ ಕಾಯಿಲೆಯ ಲಕ್ಷಣಗಳನ್ನು ಪಟ್ಟಿ ಮಾಡುತ್ತಿದ್ದರು.

ಇಂಗ್ಲಿಷಿನಲ್ಲಿ ‘ರೊಮ್ಯಾಂಟಿಕ್’ ಎಂಬ ವಿಶೇಷಣ ಬಂದದ್ದು 17ನೇ ಶತಮಾನದಲ್ಲಿ. ಆಗ ಅದರ ಅರ್ಥ ‘ಕಟ್ಟುಕಥೆಗಳಲ್ಲಿ ಬರುವಂಥದ್ದು’ ಎಂದು. ಪದದ ಹೊಟ್ಟೆಯಲ್ಲಿಯೇ ‘ಇದು ಕಥೆಯ ಮಾತು, ಜೀವನದ್ದಲ್ಲ’ ಎಂಬ ಎಚ್ಚರಿಕೆ ಇತ್ತು. ಮುಂದಿನ ಇನ್ನೂರು ವರ್ಷಗಳಲ್ಲಿ ಆ ಎಚ್ಚರಿಕೆ ಸವೆದುಹೋಗಿ, ಕಥೆಯಲ್ಲಿ ಬರುವಂಥದ್ದು ಎಲ್ಲರ ಜೀವನದಲ್ಲೂ ಬರಲೇಬೇಕಾದದ್ದಾಯಿತು. ಅದರ ಜೊತೆಗೇ ಮದುವೆಗೆ ಕಾರಣವೂ ಅದೇ ಆಯಿತು. ಆಸ್ತಿ, ಮನೆತನ, ಅನುಕೂಲ ನೋಡಿ ಮದುವೆಯಾಗುತ್ತಿದ್ದ ಯುರೋಪಿನವರು ಪ್ರೇಮಕ್ಕಾಗಿಯೇ ಮದುವೆ ಎನ್ನತೊಡಗಿ ಇನ್ನೂರು ಚಿಲ್ಲರೆ ವರ್ಷಗಳಾಗಿವೆ, ಅಷ್ಟೇ ಎಂಬುದನ್ನು ಸ್ಟೆಫನಿ ಕೂಂಟ್ಸ್ ಮದುವೆಯ ಚರಿತ್ರೆಯ ಬಗ್ಗೆ 2005ರಲ್ಲಿ ಬರೆದ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ.

ಹಾಗಾದರೆ ಪ್ರೇಮ ಹುಟ್ಟದ ಜನ ಹಿಂದಿನ ಕಥೆಗಳಲ್ಲಿ ಇಲ್ಲವೆ? ಇದ್ದಾರೆ, ಆದರೆ ಕಥೆ ಅವರನ್ನು ಹಾಗೆಯೇ ಇರಗೊಡುವುದಿಲ್ಲ. ಕ್ರಿ.ಪೂ. 428ರಲ್ಲಿ ಅಥೆನ್ಸಿನ ರಂಗದ ಮೇಲೆ ಬಂದ ಯೂರಿಪಿಡೀಸನ ‘ಹಿಪ್ಪೊಲಿಟಸ್’ ನೋಡಿ. ಆ ಹುಡುಗನಿಗೆ ಕಾಡು ಸುತ್ತುವುದು, ಬೇಟೆ, ಬೇಟೆಯ ದೇವತೆ ಆರ್ಟೆಮಿಸ್ ಇಷ್ಟು ಸಾಕು. ಪ್ರೇಮದ ದೇವತೆ ಆಫ್ರೊಡೈಟಿಗೆ ಅವನು ಕೈಮುಗಿಯುವುದಿಲ್ಲ. ಅದೇ ಅವನ ಅಪರಾಧ. ನಾಟಕ ಶುರುವಾಗುವುದೇ ಆಫ್ರೊಡೈಟ್ ರಂಗಕ್ಕೆ ಬಂದು ತಾನು ಸೇಡು ತೀರಿಸಿಕೊಳ್ಳುತ್ತೇನೆಂದು ಹೇಳುವುದರಿಂದ. ಮಲತಾಯಿಯಲ್ಲಿ ಅವನ ಮೇಲೆ ಮೋಹ ಹುಟ್ಟಿಸಿ, ತಂದೆಯಿಂದ ಶಾಪ ಕೊಡಿಸಿ, ಕಡೆಗೆ ಸಮುದ್ರದಿಂದೆದ್ದ ಗೂಳಿಗೆ ಬೆದರಿದ ಅವನ ಕುದುರೆಗಳಿಂದಲೇ ಅವನನ್ನು ಕೊಲ್ಲಿಸುತ್ತಾಳೆ. ಪ್ರೇಮ ಇಲ್ಲದಿರುವುದು ಒಂದು ಸ್ಥಿತಿಯಲ್ಲ, ದೇವತೆಗೆ ಮಾಡಿದ ಅವಮಾನ ಎಂಬ ಲೆಕ್ಕ.

ನಮ್ಮ ಕಡೆ ಇದಕ್ಕೆ ಹತ್ತಿರ ಬರುವವನು ಋಷ್ಯಶೃಂಗ. ಶೃಂಗೇರಿಯ ಪಕ್ಕದ ಕಿಗ್ಗದಲ್ಲಿ ಅವನ ಹೆಸರಿನ ಗುಡಿಯಿದೆ. ಮಳೆ ಬಾರದಿದ್ದರೂ, ಹೆಚ್ಚಾಗಿ ಸುರಿದರೂ ಮಲೆನಾಡಿನವರು ಅಲ್ಲಿಗೆ ಹೋಗಿ ಹರಕೆ ಹೊರುತ್ತಾರೆ. ಕಾಡಿನಲ್ಲಿ ತಂದೆಯೊಬ್ಬನನ್ನೇ ನೋಡಿ ಬೆಳೆದ ಹುಡುಗ, ಹೆಣ್ಣನ್ನು ಕಂಡೇ ಇರಲಿಲ್ಲ. ಅಂಗದೇಶದಲ್ಲಿ ಬರ ಬಂದಾಗ ರೋಮಪಾದ ರಾಜ ವೇಶ್ಯೆಯರನ್ನು ಕಳಿಸಿ ಅವನನ್ನು ಕರೆಸುತ್ತಾನೆ, ಅವನು ಕಾಲಿಟ್ಟೊಡನೆ ಮಳೆ ಸುರಿಯುತ್ತದೆ, ಶಾಂತೆಯೊಡನೆ ಮದುವೆಯಾಗುತ್ತದೆ. ಗ್ರೀಕರ ಕಥೆಗಿಂತ ಇದು ಮೃದು. ಯಾರೂ ಸಾಯುವುದಿಲ್ಲ. ಆದರೆ ಇಲ್ಲಿಯೂ ಒಂದು ತೀರ್ಮಾನ ಅಡಗಿದೆ: ಅವನಲ್ಲಿ ಪ್ರೇಮವಿಲ್ಲದಿದ್ದುದು ಅವನು ನೋಡದೇ ಇದ್ದುದರಿಂದ. ನೋಡಿದರೆ ಹುಟ್ಟುತ್ತದೆ, ಹುಟ್ಟಿದರೆ ಮಳೆ ಬರುತ್ತದೆ. ‘ನಿನಗೆ ಸರಿಯಾದವರು ಇನ್ನೂ ಸಿಕ್ಕಿಲ್ಲ’ ಎಂದು ಇವತ್ತು ಅರೊಮ್ಯಾಂಟಿಕ್ ಹುಡುಗಿಗೆ ಹೇಳುವವರು ಗೊತ್ತಿಲ್ಲದೆ ಋಷ್ಯಶೃಂಗನ ಕಥೆಯನ್ನೇ ಹೇಳುತ್ತಿದ್ದಾರೆ.

ಇನ್ನು ಭೀಷ್ಮನದು ಪ್ರತಿಜ್ಞೆ, ನೇಮಿನಾಥನದು ವೈರಾಗ್ಯ. ಇಬ್ಬರೂ ಬಿಟ್ಟವರು. ಇದ್ದದ್ದನ್ನು ಬಿಡುವುದಕ್ಕೂ ಇಲ್ಲದೇ ಇರುವುದಕ್ಕೂ ವ್ಯತ್ಯಾಸವಿದೆ. ವಿರಾಗ, ವಿರಕ್ತ ಎಂಬ ಪದಗಳಲ್ಲಿರುವ ‘ವಿ’ ಆ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ. ಬಣ್ಣ ಇತ್ತು, ಈಗ ಹೋಯಿತು. ಅಕ್ಕಮಹಾದೇವಿಯನ್ನು ಕೆಲವರು ಈ ಚರ್ಚೆಗೆ ಎಳೆದು ತರುತ್ತಾರೆ, ರಾಜನನ್ನೇ ತೊರೆದು ಹೊರಟವಳು ಎಂದು. ನನಗೆ ಇದು ಒಪ್ಪಿಗೆಯಿಲ್ಲ. ಅಕ್ಕನ ವಚನಗಳಷ್ಟು ಪ್ರೇಮದಲ್ಲಿ ಅದ್ದಿದ ಬರಹ ಕನ್ನಡದಲ್ಲಿ ಕಡಿಮೆ. ಪ್ರೇಮದ ಪಾತ್ರ ಚೆನ್ನಮಲ್ಲಿಕಾರ್ಜುನ, ಅಷ್ಟೇ ಬೇರೆ. ಶರಣಸತಿ ಲಿಂಗಪತಿ ಭಾವದಲ್ಲಿ ಲೋಕದ ಗಂಡನನ್ನು ಬೇಡವೆಂದವಳೂ ಮದುವಣಗಿತ್ತಿಯೇ. ಅಂದರೆ ಬಿಟ್ಟವರಿಗೂ ನಮ್ಮಲ್ಲಿ ಪ್ರೇಮದ್ದೇ ಭಾಷೆ. ಪ್ರೇಮದ ಹೊರಗೆ ನಿಂತು ಮಾತಾಡಲು ಭಾಷೆಯೇ ಇರಲಿಲ್ಲ.

19ನೇ ಶತಮಾನದ ಜರ್ಮನ್ ವೈದ್ಯರು ಆ ಕೊರತೆಯನ್ನು ತಮ್ಮ ರೀತಿಯಲ್ಲಿ ತುಂಬಿದರು. ‘ಹೋಮೋಸೆಕ್ಷುಯಲ್’, ‘ಹೆಟೆರೋಸೆಕ್ಷುಯಲ್’ ಪದಗಳು 1868ರಲ್ಲಿ ಕೆರ್ಟ್‌ಬೆನಿ ಎಂಬ ಹಂಗೇರಿಯನ್ ಬರಹಗಾರನ ಖಾಸಗಿ ಪತ್ರವೊಂದರಲ್ಲಿ ಕಾಣಿಸಿಕೊಂಡವು. ಅವನು ವೈದ್ಯನಲ್ಲ, ಕಾನೂನಿನ ವಿರುದ್ಧ ವಾದಿಸುತ್ತಿದ್ದವನು. ಆದರೆ 1886ರಲ್ಲಿ ಕ್ರಾಫ್ಟ್-ಎಬಿಂಗ್ ಬರೆದ ವೈದ್ಯಗ್ರಂಥದಲ್ಲಿ ಕಾಮವಿಲ್ಲದಿರುವುದು ‘ಅನೀಸ್ತೀಸಿಯಾ’, ಅಂದರೆ ಮರಗಟ್ಟಿದ ಸ್ಥಿತಿ ಎಂದಾಯಿತು. ಪ್ರೇಮ ಇಲ್ಲದಿರುವುದರ ಬಗ್ಗೆ ಆ ವೈದ್ಯರು ಪ್ರತ್ಯೇಕ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಪ್ರೇಮವೆಂದರೆ ಕಾಮದ ಮೇಲೆ ಹೊದಿಸಿದ ರೇಷ್ಮೆ ಬಟ್ಟೆ, ಅದಕ್ಕೇನು ಬೇರೆ ಲೆಕ್ಕ ಎಂಬ ಧೋರಣೆ.

ಆ ಲೆಕ್ಕವನ್ನು ಬೇರೆ ಮಾಡಿದವಳು ಡೊರೊಥಿ ಟೆನೊವ್. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದವರು. ಪ್ರೇಮದಲ್ಲಿ ಬಿದ್ದಾಗ ಏನಾಗುತ್ತದೆ ಎಂದು ಐನೂರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಕೇಳಿ, 1979ರಲ್ಲಿ ‘ಲವ್ ಅಂಡ್ ಲಿಮರೆನ್ಸ್’ ಎಂಬ ಪುಸ್ತಕ ತಂದರು. ‘ಲವ್’ ಎಂಬ ಪದ ತಾಯಿಯ ಮೇಲಿನ ಮಮತೆಯಿಂದ ಹಿಡಿದು ಐಸ್‌ಕ್ರೀಮಿನ ಮೇಲಿನ ಆಸೆಯವರೆಗೆ ಎಲ್ಲದಕ್ಕೂ ಬಳಕೆಯಾಗುತ್ತದೆ. ಹಾಗಾಗಿ ಆ ಒಂದು ಹುಚ್ಚಿಗೇ ಒಂದು ಪದ ಬೇಕು ಎಂದು ‘ಲಿಮರೆನ್ಸ್’ ಎಂಬ ಪದವನ್ನು ಸೃಷ್ಟಿಸಿದರು. ಅದಕ್ಕೆ ಧಾತು, ವ್ಯುತ್ಪತ್ತಿ ಏನೂ ಇಲ್ಲ, ಕಿವಿಗೆ ಹಿತವಾಗಿದೆ ಎಂದು ಇಟ್ಟದ್ದು ಎಂದು ಅವರೇ ಒಪ್ಪಿಕೊಂಡಿದ್ದರು. ನನಗೆ ಈ ಪ್ರಾಮಾಣಿಕತೆ ಇಷ್ಟ. ಪಾರಿಭಾಷಿಕ ಪದಗಳನ್ನು ಕಟ್ಟುವ ನಮ್ಮ ಸಮಿತಿಗಳು ಯಾವತ್ತೂ ಹೀಗೆ ಹೇಳಿಲ್ಲ.

ಈ ಕೆಲಸದಲ್ಲಿ ಟೆನೊವ್ ಅವರಿಗೆ ಎದುರಾದದ್ದು ಅವರು ಹುಡುಕದೇ ಇದ್ದ ವಿಷಯ. ಕೆಲವರು ಪ್ರಶ್ನೆಗಳನ್ನು ಕೇಳಿ ಗೊಂದಲಕ್ಕೆ ಬಿದ್ದರು. ನೀವು ಹೇಳುತ್ತಿರುವುದು ಉತ್ಪ್ರೇಕ್ಷೆಯಲ್ಲವೆ, ನಿಜವಾಗಿ ಯಾರಿಗಾದರೂ ಹೀಗೆಲ್ಲ ಆಗುತ್ತದೆಯೆ, ಅದೆಲ್ಲ ಹಾಡುಗಳಲ್ಲಿ ತಾನೆ ಎಂಬುದು ಅವರ ಪ್ರಶ್ನೆ. ಇವರಲ್ಲಿ ಮದುವೆಯಾದವರಿದ್ದರು, ಸುಖವಾಗಿ ಬಾಳುತ್ತಿದ್ದವರಿದ್ದರು, ಜೊತೆಗಾರರ ಬಗ್ಗೆ ಅಕ್ಕರೆಯಿದ್ದವರಿದ್ದರು. ಆ ಹುಚ್ಚು ಮಾತ್ರ ಅವರಿಗೆ ಬಂದಿರಲಿಲ್ಲ. ಹುಚ್ಚು ಬಂದವರಿಗೆ ಇಂಥವರು ಇರಬಹುದೆಂದು ನಂಬಿಕೆಯಾಗಲಿಲ್ಲ, ಇವರಿಗೆ ಅಂಥವರು ಇದ್ದಾರೆಂದು ನಂಬಿಕೆಯಾಗಲಿಲ್ಲ. ಟೆನೊವ್ ಇವರನ್ನು ‘ನಾನ್‌ಲಿಮರೆಂಟ್’ ಎಂದರು. ಪ್ರೇಮ ಹುಟ್ಟದವರನ್ನು ಬೈಯದೆ, ಚಿಕಿತ್ಸೆ ಹೇಳದೆ, ಕಥೆ ಕಟ್ಟದೆ ಹೆಸರಿಸಿದ ಪದಗಳಲ್ಲಿ ನನಗೆ ಗೊತ್ತಿರುವ ಮಟ್ಟಿಗೆ ಇದೇ ಹಳೆಯದು. ಆದರೆ ಅದು ಪುಸ್ತಕದಲ್ಲೇ ಉಳಿಯಿತು. ಬೇರೆಯವರು ಇಟ್ಟ ಹೆಸರಿನಿಂದ ಯಾರೂ ತಮ್ಮನ್ನು ಕರೆದುಕೊಳ್ಳಲಿಲ್ಲ.

2001ರಲ್ಲಿ ಅದೇ ಕನೆಕ್ಟಿಕಟ್ಟಿನಲ್ಲಿ, ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೇವಿಡ್ ಜೇ ಎಂಬ ಹುಡುಗ ‘ಏವೆನ್’ ಎಂಬ ಅಂತರ್ಜಾಲ ಬಳಗ ಶುರುಮಾಡಿದ. ಕಾಮಾಸಕ್ತಿ ಇಲ್ಲದವರು, ಅಂದರೆ ‘ಏಸೆಕ್ಷುಯಲ್’ ಜನ, ಒಬ್ಬರನ್ನೊಬ್ಬರು ಕಂಡುಕೊಳ್ಳಲಿ ಎಂದು. 2004ರಲ್ಲಿ ಕೆನಡಾದ ಆಂಥನಿ ಬೊಗಾರ್ಟ್ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯೊಂದನ್ನು ಮತ್ತೆ ಓದಿ, ಸುಮಾರು ನೂರಕ್ಕೆ ಒಬ್ಬರು ತಮಗೆ ಯಾರ ಮೇಲೂ ಕಾಮಾಕರ್ಷಣೆ ಆಗಿಲ್ಲ ಎಂದಿದ್ದಾರೆ ಎಂದು ಪ್ರಕಟಿಸಿದಾಗ ಪತ್ರಿಕೆಗಳು ಈ ಬಳಗದ ಕಡೆ ತಿರುಗಿದವು, ಸದಸ್ಯರು ಹೆಚ್ಚಿದರು. ಹೆಚ್ಚು ಜನ ಸೇರಿದ ಕಡೆ ವ್ಯತ್ಯಾಸಗಳು ಕಾಣುತ್ತವೆ. ಕೆಲವರು, ನಮಗೆ ಮೈಯ ಹಂಬಲವಿಲ್ಲ, ಆದರೆ ಪ್ರೇಮದಲ್ಲಿ ಬೀಳುತ್ತೇವೆ, ಕೈ ಹಿಡಿದು ನಡೆಯಬೇಕು, ಪತ್ರ ಬರೆಯಬೇಕು ಎನ್ನಿಸುತ್ತದೆ ಎಂದರು. ಇನ್ನು ಕೆಲವರು, ಅದೂ ನಮಗಿಲ್ಲ ಎಂದರು. ಮೊದಲಿನವರು ‘ರೊಮ್ಯಾಂಟಿಕ್ ಏಸೆಕ್ಷುಯಲ್’, ಎರಡನೆಯವರು ‘ಅರೊಮ್ಯಾಂಟಿಕ್ ಏಸೆಕ್ಷುಯಲ್’. ಪದ ಈಗಿನ ಅರ್ಥ ಪಡೆದದ್ದು ಹೀಗೆ, ಆ ಶತಮಾನದ ಮೊದಲ ವರ್ಷಗಳಲ್ಲಿ, ಇನ್ನೊಂದು ಪದದ ಬಾಲವಾಗಿ. ವೈದ್ಯರು ಕೊಟ್ಟದ್ದಲ್ಲ, ಪಂಡಿತರು ಕಟ್ಟಿದ್ದಲ್ಲ.

2010ರ ನಂತರ ಬಾಲ ಕತ್ತರಿಸಿಕೊಂಡು ಅದು ಸ್ವತಂತ್ರವಾಯಿತು. ಕಾಮವಿದ್ದೂ ಪ್ರೇಮ ಹುಟ್ಟದವರು, ನಾವೂ ಇದ್ದೇವೆ ಎಂದು ಬಂದರು. ಇವರ ಪಾಡು ಹೆಚ್ಚು ಕಷ್ಟದ್ದು. ಪ್ರೇಮವಿದ್ದು ಕಾಮವಿಲ್ಲ ಎಂದವರನ್ನು ಜನ ‘ಪಾಪ, ಪರಿಶುದ್ಧರು’ ಎಂದಾದರೂ ಸಹಿಸುತ್ತಾರೆ. ಕಾಮವಿದೆ, ಪ್ರೇಮವಿಲ್ಲ ಎಂದವನಿಗೆ ಹೆಣ್ಣುಬಾಕ ಎಂಬ ಹೆಸರು ಸಿದ್ಧವಾಗಿರುತ್ತದೆ. ಹಾಗೆಂದವಳಿಗೆ ಸಿದ್ಧವಾಗಿರುವ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಮೋಸವಿರುವುದು ಪ್ರೇಮವಿಲ್ಲದಿರುವುದರಲ್ಲಲ್ಲ, ಇಲ್ಲದ ಪ್ರೇಮವನ್ನು ಇದೆ ಎಂದು ನಂಬಿಸುವುದರಲ್ಲಿ. ‘ನನಗೆ ಅದು ಹುಟ್ಟುವುದಿಲ್ಲ’ ಎಂದು ಮೊದಲೇ ಹೇಳಲು ಒಂದು ಪದ ಸಿಕ್ಕರೆ ಮೋಸ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

2014ರಲ್ಲಿ ಇವರದೊಂದು ಜಾಗೃತಿ ಸಪ್ತಾಹ ಆರಂಭವಾಯಿತು. ಮೊದಲು ನವೆಂಬರಿನಲ್ಲಿತ್ತು, ಆಮೇಲೆ ಫೆಬ್ರವರಿಗೆ ಬಂತು, ಸರಿಯಾಗಿ ವ್ಯಾಲಂಟೈನ್ ದಿನ ಮುಗಿದ ಮೇಲಿನ ವಾರಕ್ಕೆ. ಬಾವುಟದ ಬಣ್ಣ ಹಸಿರು, ಪ್ರೇಮದ ಕೆಂಪಿಗೆ ಎದುರು ಎಂದು. ‘ಕ್ರಶ್’ ಎಂಬುದಕ್ಕೆ ಜೋಡಿಯಾಗಿ ‘ಸ್ಕ್ವಿಶ್’ ಎಂಬ ಪದವನ್ನೂ ಬಳಕೆಗೆ ತಂದರು. ಒಬ್ಬರ ಸ್ನೇಹ ಬೇಕೇಬೇಕು ಎಂದು ಮನಸ್ಸು ಎಳೆಯುವುದಕ್ಕೆ ಆ ಹೆಸರು. 2020ರಲ್ಲಿ ಆಲಿಸ್ ಓಸ್ಮನ್ ‘ಲವ್‌ಲೆಸ್’ ಎಂಬ ಕಾದಂಬರಿಯಲ್ಲಿ ಇಂಥ ಒಬ್ಬ ಕಾಲೇಜು ಹುಡುಗಿಯನ್ನೇ ನಾಯಕಿಯಾಗಿಸಿದರು. ಅದರಲ್ಲಿ ಹಿಪ್ಪೊಲಿಟಸನ ಗತಿಯೂ ಇಲ್ಲ, ಋಷ್ಯಶೃಂಗನ ಮಳೆಯೂ ಇಲ್ಲ. ಕೊನೆಯಲ್ಲಿ ಗೆಳೆಯ ಗೆಳತಿಯರಿದ್ದಾರೆ.

ಈಗ ಆ ‘ಅ’ಕಾರಕ್ಕೆ ಬರುತ್ತೇನೆ, ನನಗೆ ಈ ಪದದಲ್ಲಿ ನಿಜವಾಗಿ ಆಸಕ್ತಿ ಇರುವುದು ಅಲ್ಲಿ. ಇಂಗ್ಲಿಷಿಗೆ ಇದು ಗ್ರೀಕಿನಿಂದ ಬಂದದ್ದು. ಗ್ರೀಕಿನ ಆ ‘ಅ’ ಮತ್ತು ಸಂಸ್ಕೃತದ ‘ಅ’ ಒಂದೇ ಬೇರಿನವು. ಸಂಸ್ಕೃತ ವೈಯಾಕರಣರು ಇದನ್ನು ‘ನಞ್’ ಎನ್ನುತ್ತಾರೆ. ಇದಕ್ಕೆ ಆರು ಅರ್ಥ ಎಂದು ಪಾಠ ಹೇಳುವಾಗ ಕಂಠಪಾಠ ಮಾಡಿಸುವುದುಂಟು: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ. ‘ಅಪಾಪ’ ಎಂದರೆ ಪಾಪವಿಲ್ಲ, ಅದು ಅಭಾವ. ‘ಅನುದರಾ’ ಎಂದರೆ ಹೊಟ್ಟೆಯೇ ಇಲ್ಲದವಳಲ್ಲ, ಸಣ್ಣ ಹೊಟ್ಟೆಯವಳು, ಅದು ಅಲ್ಪತೆ. ‘ಅಕಾಲ ಮಳೆ’ ಎಂದರೆ ಕಾಲವಿಲ್ಲದ ಮಳೆಯಲ್ಲ, ಸಲ್ಲದ ಕಾಲದ ಮಳೆ. ‘ಅಧರ್ಮ’ದಲ್ಲಿರುವುದು ಧರ್ಮದ ಗೈರುಹಾಜರಿಯಷ್ಟೇ ಅಲ್ಲ, ಧರ್ಮಕ್ಕೆ ವಿರೋಧ.

ಅರೊಮ್ಯಾಂಟಿಕ್ ಎಂದು ಹೇಳಿಕೊಳ್ಳುವವರು ಆಡುವ ‘ಅ’ ಅಭಾವದ್ದು. ಎಂದೋ ಒಮ್ಮೆ, ತೀರಾ ಮಂದವಾಗಿ ಪ್ರೇಮ ಹುಟ್ಟುವವರೂ ಅದರೊಳಗೆ ಸೇರುತ್ತಾರಲ್ಲ, ಅವರದು ಅಲ್ಪತೆಯ ‘ಅ’. ಕೇಳಿಸಿಕೊಳ್ಳುವವರ ಕಿವಿಗೆ ಬೀಳುವುದು ಮಾತ್ರ ವಿರೋಧದ ‘ಅ’, ಇಲ್ಲವೆ ಅಪ್ರಾಶಸ್ತ್ಯದ ‘ಅ’. ಪ್ರೇಮದ್ವೇಷಿ ಎಂದೋ ಪ್ರೇಮಕ್ಕೆ ನಾಲಾಯಕ್ ಎಂದೋ. ‘ಅರಸಿಕ’ ಎಂಬ ನಮ್ಮ ಪದದ ಗತಿ ನೋಡಿದರೆ ಗೊತ್ತಾಗುತ್ತದೆ. ಅಕ್ಷರಶಃ ಅದು ರಸಾನುಭವ ಇಲ್ಲದವನು ಅಷ್ಟೇ, ಬಳಕೆಯಲ್ಲಿ ಶುದ್ಧ ಬೈಗುಳ. ಇಂಥದೇ ಕಷ್ಟವನ್ನು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಧರ್ಮದ ವಿಷಯದಲ್ಲಿ ಎದುರಿಸಿದ್ದ. 1909ರ ಪತ್ರವೊಂದರಲ್ಲಿ ಅವನು, ಧರ್ಮದ ಮಟ್ಟಿಗೆ ತನಗೆ ಸಂಗೀತದ ಕಿವಿಯಿಲ್ಲದಂತೆ, ಹಾಗೆಂದು ತಾನು ಧರ್ಮವಿರೋಧಿಯಲ್ಲ ಎಂಬ ಅರ್ಥದ ಮಾತು ಬರೆದಿದ್ದಾನೆ. ಸಂಗೀತದ ಕಿವಿಯಿಲ್ಲದವರನ್ನು ನಾವು ಯಾರೂ ಸಂಗೀತದ್ವೇಷಿ ಎನ್ನುವುದಿಲ್ಲ, ಕಛೇರಿಗೆ ಕರೆದೊಯ್ದು ವಾಸಿಮಾಡಲು ಹೊರಡುವುದೂ ಇಲ್ಲ. ಪ್ರೇಮದ ವಿಷಯದಲ್ಲಿ ಮಾತ್ರ ಈ ಸಮಾಧಾನ ನಮಗಿಲ್ಲ.

ಏಕಿಲ್ಲ ಎನ್ನುವುದಕ್ಕೆ ಎಲಿಜಬೆತ್ ಬ್ರೇಕ್ ಎಂಬ ತತ್ತ್ವಶಾಸ್ತ್ರಜ್ಞೆ ಒಂದು ಪದ ಕೊಟ್ಟಿದ್ದಾರೆ. 2012ರ ತಮ್ಮ ಪುಸ್ತಕದಲ್ಲಿ ಅವರು ಬಳಸಿದ ಪದ ‘ಅಮಾಟೊನಾರ್ಮಟಿವಿಟಿ’. ಉಚ್ಚರಿಸುವಷ್ಟರಲ್ಲಿ ಪ್ರೇಮ ಹುಟ್ಟಿ ಮುಗಿದೇಹೋಗಬಹುದು, ಆದರೆ ವಿಷಯ ಸರಳ. ಎಲ್ಲ ಮನುಷ್ಯರೂ ಒಬ್ಬರೊಡನೆ ಪ್ರೇಮಸಂಬಂಧವನ್ನು ಬಯಸುತ್ತಾರೆ, ಅದಿದ್ದರೇ ಬದುಕು ಪೂರ್ಣ, ಸ್ನೇಹವೇನಿದ್ದರೂ ಎರಡನೇ ದರ್ಜೆಯದು ಎಂಬ ನಂಬಿಕೆಗೆ ಅವರಿಟ್ಟ ಹೆಸರದು. ಈ ನಂಬಿಕೆ ಹಾಡುಗಳಲ್ಲಷ್ಟೇ ಇಲ್ಲ, ಕಾನೂನಿನಲ್ಲೂ ಇದೆ ಎಂಬುದು ಅವರ ವಾದ. ಆಸ್ಪತ್ರೆಯಲ್ಲಿ ಯಾರನ್ನು ಒಳಗೆ ಬಿಡುತ್ತಾರೆ, ಆಸ್ತಿ ಯಾರಿಗೆ ಹೋಗುತ್ತದೆ, ತೆರಿಗೆಯಲ್ಲಿ ಯಾರಿಗೆ ರಿಯಾಯಿತಿ, ಎಲ್ಲವೂ ದಂಪತಿಯನ್ನು ಮುಂದಿಟ್ಟುಕೊಂಡೇ ಬರೆದದ್ದು. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರು ಗೆಳತಿಯರು ಅಲ್ಲಿ ಪರಕೀಯರು.

ಈ ಪದ ಅಮೆರಿಕದಲ್ಲಿ ಹುಟ್ಟಿ ಇಲ್ಲಿ ಹುಟ್ಟದಿರುವುದಕ್ಕೆ ಕಾರಣವೂ ಇದರಲ್ಲೇ ಇದೆ ಎನಿಸುತ್ತದೆ. ಅಲ್ಲಿ ಮದುವೆಯ ಬಾಗಿಲಿಗೆ ಪ್ರೇಮವೇ ಕೀಲಿಕೈ, ಕೀಲಿಕೈ ಇಲ್ಲದವನು ಹೊರಗೆ ನಿಂತು ತನಗೇನೋ ಇಲ್ಲ ಎಂದು ಅರಿಯುತ್ತಾನೆ. ನಮ್ಮಲ್ಲಿ ಜಾತಕ, ಗೋತ್ರ, ಕೆಲಸ, ಸೈಟು ಕೇಳುತ್ತಿದ್ದರು. ಪ್ರೇಮ ಹುಟ್ಟುತ್ತದೆಯೇ ಎಂದು ಯಾರೂ ಕೇಳದಿದ್ದ ಕಾರಣ, ಹುಟ್ಟದವರು ಸದ್ದಿಲ್ಲದೆ ಒಳಗೆ ಬಂದು ಸಂಸಾರ ಮಾಡಿಕೊಂಡಿದ್ದರು. ಇದನ್ನು ಹಳೆಯ ಪದ್ಧತಿಯ ಔದಾರ್ಯ ಎಂದು ಹೊಗಳುವವರಿದ್ದಾರೆ. ನಾನು ಹೊಗಳಲಾರೆ. ಏಕೆಂದರೆ ಆ ಪದ್ಧತಿಗೆ ಅಂಟಿಕೊಂಡೇ ಒಂದು ಮಾತಿದೆ: ‘ಮದುವೆಯಾದ ಮೇಲೆ ತಾನಾಗಿ ಬರುತ್ತೆ’. ಅದನ್ನು ನಂಬಿ, ಬರುತ್ತದೆಂದು ಕಾಯುತ್ತ ಕೂತವರು ಇಬ್ಬರು. ಬಾರದವರು ಒಬ್ಬರು, ಅವರಿಗೆ ಬರಲೆಂದು ಕಾದವರು ಇನ್ನೊಬ್ಬರು. ಎರಡನೆಯವರಿಗೆ ಆದ ಅನ್ಯಾಯವನ್ನು ಯಾರ ಲೆಕ್ಕಕ್ಕೆ ಬರೆಯುವುದು? ದೆಹಲಿಯ ವೈದ್ಯೆ ಪ್ರಗತಿ ಸಿಂಗ್ ಕಟ್ಟಿದ ‘ಇಂಡಿಯನ್ ಏಸಸ್’ ಬಳಗ ಕಾಮವಿಲ್ಲದ ಸಂಗಾತಿಗಳನ್ನು ಹುಡುಕುವವರನ್ನು ಒಂದುಗೂಡಿಸುವ ಪ್ರಯತ್ನ ಮಾಡಿತು. 2019ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರಿತ್ತು. ಅಂಥ ಬಳಗಕ್ಕೆ ಜನ ಬಂದರೆಂದರೆ ‘ತಾನಾಗಿ ಬರುತ್ತೆ’ ಎಂಬುದನ್ನು ನಂಬದವರು ಇಲ್ಲಿಯೂ ಇದ್ದಾರೆ ಎಂದಾಯಿತು.

ಪದ ಕೈಗೆ ಸಿಕ್ಕಮೇಲೆ ಅದನ್ನು ಸತ್ತವರ ಮೇಲೆ ಅಂಟಿಸುವ ಚಟವೂ ಬಂದಿದೆ. ನ್ಯೂಟನ್ ಮದುವೆಯಾಗಲಿಲ್ಲ, ಆದ್ದರಿಂದ ಅರೊಮ್ಯಾಂಟಿಕ್. ಹೆನ್ರಿ ಕ್ಯಾವೆಂಡಿಷ್ ಹೆಂಗಸರ ಮುಖ ನೋಡಲೂ ಹೆದರುತ್ತಿದ್ದ, ಆದ್ದರಿಂದ ಅವನೂ. ಇದು ಚರಿತ್ರೆಯಲ್ಲ. ಮದುವೆಯಾಗದಿರಲು ನೂರು ಕಾರಣ, ಹೆದರಲು ಸಾವಿರ. ಹೇಳಿಕೊಳ್ಳಲೆಂದೇ ಹುಟ್ಟಿದ ಪದವನ್ನು ಹೇಳಿಕೊಳ್ಳಲಾಗದವರ ಹಣೆಗೆ ಬರೆಯುವುದು, ಕ್ರಾಫ್ಟ್-ಎಬಿಂಗ್ ಮಾಡಿದ ಕೆಲಸವನ್ನೇ ಒಳ್ಳೆಯ ಮನಸ್ಸಿನಿಂದ ಮಾಡಿದಂತೆ.

ನನ್ನ ತಾಯಿಯ ಚಿಕ್ಕಪ್ಪ, ನಮಗೆಲ್ಲ ಚಿಕ್ಕಜ್ಜ, ಮದುವೆಯಾಗಿರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅಣ್ಣಂದಿರ ಮಕ್ಕಳನ್ನು ಓದಿಸಿದರು, ನಮಗೆ ಈಜು ಕಲಿಸಿದರು, ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂರುತ್ತಿದ್ದವರು ಅವರೇ. ನೆಂಟರ ಬಾಯಲ್ಲಿ ಅವರಿಗೊಂದು ಪ್ರೇಮಕಥೆಯಿತ್ತು. ಕಥೆಯ ಹುಡುಗಿಗೆ ಹೆಸರಿರಲಿಲ್ಲ. ಊರು ಮಾತ್ರ ಹೇಳುವವರಿಗೆ ತಕ್ಕಂತೆ ಬದಲಾಗುತ್ತಿತ್ತು. ಒಂದು ಸಲ ತೀರ್ಥಹಳ್ಳಿ, ಒಂದು ಸಲ ಕೊಪ್ಪ. ಕಾಲೇಜಿನಲ್ಲಿದ್ದಾಗ ನಾನೊಮ್ಮೆ ನೇರವಾಗಿ ಕೇಳಿದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದವರು ಕೈ ನಿಲ್ಲಿಸದೆ, “ಅದು ನಂಗೆ ಬರ್ಲೇ ಇಲ್ಲ ಕಣೇ ಪುಟ್ಟೀ. ಎಲ್ರಿಗೂ ಬರುತ್ತೆ ಅಂತಿದ್ರು, ನಾನೂ ಸುಮಾರು ವರ್ಷ ನೋಡ್ದೆ” ಎಂದರು. ಆಮೇಲೆ, “ಬೇಜಾರೇನಿಲ್ಲ. ಆ ಹುಡುಗಿ ಕಥೆ ಮಾತ್ರ ಬೇಜಾರು” ಎಂದು ಸೇರಿಸಿದರು. ಅವರು ತೀರಿಕೊಂಡಾಗ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲೂ ಆ ಹುಡುಗಿ ಬಂದಳು. ಚಿಕ್ಕಜ್ಜನನ್ನು ನಾನು ಅರೊಮ್ಯಾಂಟಿಕ್ ಎನ್ನುವುದಿಲ್ಲ, ಅವರಿಗೆ ಆ ಪದ ಗೊತ್ತಿರಲಿಲ್ಲ. ಆದರೆ ಆ ಪದ ನೆಂಟರಿಗೆ ಗೊತ್ತಿದ್ದರೆ ಒಬ್ಬಳು ಇಲ್ಲದ ಹುಡುಗಿ ಹುಟ್ಟುತ್ತಿರಲಿಲ್ಲ.

ಕನ್ನಡದಲ್ಲಿ ಇದಕ್ಕೇನು ಪದ ಎಂಬ ಪ್ರಶ್ನೆ ಅನುವಾದ ಮಾಡುವಾಗ ನನಗೆ ಮೇಲಿಂದ ಮೇಲೆ ಎದುರಾಗುತ್ತದೆ. ‘ಇಗೋ ಕನ್ನಡ’ದ ಕಾಲವಾಗಿದ್ದರೆ ಜಿ. ವೆಂಕಟಸುಬ್ಬಯ್ಯನವರಿಗೆ ಒಂದು ಕಾರ್ಡು ಬರೆದು ಕೇಳಬಹುದಿತ್ತು. ಇಂಗ್ಲಿಷಿನ ರೊಮ್ಯಾಂಟಿಕ್ ಕಾವ್ಯವನ್ನು ನವೋದಯದವರು ‘ರಮ್ಯ’ ಎಂದರು. ಧ್ವನಿಯೂ ಹತ್ತಿರ, ಅರ್ಥವೂ ಹತ್ತಿರ, ಸೊಗಸಾದ ಅನುವಾದ. ಆದರೆ ಅದರ ಹಿಂದೆ ‘ಅ’ ಸೇರಿಸಿ ‘ಅರಮ್ಯ’ ಮಾಡಿದರೆ ಕುರೂಪ ಎಂದಾಗುತ್ತದೆ. ಸಿನಿಮಾ ಕನ್ನಡದಲ್ಲಿ ‘ರೊಮ್ಯಾನ್ಸ್’ ಎಂದರೆ ಪ್ರೇಮಕ್ಕಿಂತ ಹೆಚ್ಚಾಗಿ ತಬ್ಬುವುದು ಮುದ್ದಾಡುವುದು, ಹಾಗಾಗಿ ಅದೂ ದಾರಿ ತಪ್ಪಿಸುತ್ತದೆ. ‘ನಿಷ್ಪ್ರೇಮಿ’ ಎಂಬುದರಲ್ಲಿ ನಿಷ್ಕರುಣಿಯ ನೆರಳು. ಹಳಗನ್ನಡದ ‘ಇಲಿ’ ಪ್ರತ್ಯಯ ಹಚ್ಚಿ ‘ಒಲವಿಲಿ’ ಎನ್ನಬಹುದು, ಕೇಳಿದವರು ಮೂಲೆಯಲ್ಲಿ ಇಲಿ ಹುಡುಕುತ್ತಾರೆ. ಅಚ್ಚಕನ್ನಡದ ‘ಒಲ್ಲೆ’ ಇದೆ, ಒಲವಿನ ಬೇರಿನಿಂದಲೇ ಬಂದ ನಿಷೇಧರೂಪ. ಆದರೆ ಅದು ನಿರಾಕರಣೆ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು ಎಂಬ ಗಾದೆಯಲ್ಲಿರುವ ಒಲ್ಲದಿರುವಿಕೆ ವಿರೋಧದ್ದು, ಅಭಾವದ್ದಲ್ಲ.

ಪದದಲ್ಲಿ ಸೋಲುವ ಕನ್ನಡ ವಾಕ್ಯದಲ್ಲಿ ಗೆಲ್ಲುತ್ತದೆ. ಇಂಗ್ಲಿಷಿನಲ್ಲಿ ಪ್ರೇಮಿಸುವವನು ಕರ್ತೃ, ಪ್ರೇಮಿಸದಿದ್ದರೆ ತಪ್ಪೂ ಅವನದೇ. ಕನ್ನಡದಲ್ಲಿ ‘ನನಗೆ’ ಹಸಿವಾಗುತ್ತದೆ, ‘ನನಗೆ’ ಜ್ವರ ಬರುತ್ತದೆ, ‘ನನಗೆ’ ಪ್ರೇಮ ಹುಟ್ಟುತ್ತದೆ. ಚತುರ್ಥಿ ವಿಭಕ್ತಿ ಹಚ್ಚಿದರೆ ಸಾಕು, ಮಾಡಿದ್ದಲ್ಲ, ಆದದ್ದು ಎಂದಾಗುತ್ತದೆ. ‘ನನಗೆ ಪ್ರೇಮ ಹುಟ್ಟುವುದಿಲ್ಲ’ ಎಂಬಲ್ಲಿ ವಿರೋಧವೂ ಇಲ್ಲ, ಬೈಗುಳವೂ ಇಲ್ಲ. ಚಿಕ್ಕಜ್ಜ ಹೇಳಿದ್ದೂ ಅದನ್ನೇ, ಅದೇ ವಿಭಕ್ತಿಯಲ್ಲಿ.

ಸದ್ಯಕ್ಕೆ ನಾನು ‘ಅರೊಮ್ಯಾಂಟಿಕ್’ ಎಂದೇ ಉಳಿಸಿಕೊಂಡು, ಮೊದಲ ಸಲ ಬಂದ ಕಡೆ ಪಕ್ಕದಲ್ಲಿ ಒಂದು ವಾಕ್ಯ ಬರೆಯುತ್ತೇನೆ: ‘ಇವರಿಗೆ ಪ್ರೇಮ ಹುಟ್ಟುವುದಿಲ್ಲ, ಪ್ರೀತಿ ಇದೆ.’ ಅಲ್ಪವಿರಾಮದ ಆಚೆಗಿನ ಎರಡು ಪದ ಹೆಚ್ಚಾಯಿತೆಂದು ಸಂಪಾದಕರು ಸಾಮಾನ್ಯವಾಗಿ ಹೊಡೆದುಹಾಕುತ್ತಾರೆ. ಕರಡು ವಾಪಸು ಬಂದಾಗ ನಾನು ಮತ್ತೆ ಸೇರಿಸಿ ಕಳಿಸುತ್ತೇನೆ.